ಗಿಟಾರಿನ ಸೊಂಟ ಬಾಗಿಸುವುದು ಹೇಗೆ?

ಗಿಟಾರಿನ ಪಕ್ಕದ ಹಲಗೆಯ ದಪ್ಪ ಬರೀ 2 ಮಿಲಿಮೀಟರ್ ಆಸುಪಾಸು. ಅಷ್ಟು ತೆಳ್ಳಗಿನ ಹಲಗೆ ಸೊಂಟದ ಹತ್ತಿರ ಒಳಕ್ಕೆ ಬಾಗಿ, ಮತ್ತೆ ಹೊರಕ್ಕೆ ಉಬ್ಬಬೇಕು. ಅಚ್ಚಿಗೆ ಹಾಕಿ ಅದುಮಿದರೆ ಬಾಗುತ್ತದೆ ಎಂದುಕೊಂಡವರು ಜಾಸ್ತಿ. ಸುಮ್ನೆ ಅದುಮಿದರೆ ಮುರಿಯುತ್ತದೆ ಅಷ್ಟೇ. ಬಾಗಿಸುವುದು ಬಿಸಿ, ಬಾಗಿದ್ದನ್ನು ಹಿಡಿದಿಡುವುದು ಅಚ್ಚು. ಕಾರವಾರ, ಕುಮಟಾ ಕಡೆಯ ಹಸಿ ಗಾಳಿಯಲ್ಲಿ ಈ ಹಿಡಿದಿಡುವ ಕೆಲಸವೇ ಕಷ್ಟದ್ದು.

ಮರದ ಮಟ್ಟಿಗೆ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಹೊರದೇಶದ ಗಿಟಾರ್ ಕಂಪನಿಗಳು ಇಂಡಿಯನ್ ರೋಸ್‌ವುಡ್ ಎಂದು ತರಿಸಿಕೊಳ್ಳುವುದು ನಮ್ಮ ಬೀಟೆಯನ್ನೇ. ಬಿಸಿಗೆ ಅದು ಚೆನ್ನಾಗಿ ಬಾಗುತ್ತದೆ. ಹಾಗಂತ ತೋಟದ ಬೀಟೆಗೆ ಕೊಡಲಿ ಹಾಕಬೇಡಿ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಶಿರಸಿ, ಸಿದ್ದಾಪುರ ಕಡೆ ಹಳೇ ಮನೆ ಬಿಚ್ಚುವಾಗ ಸಿಗುವ ಬೀಟೆ ಹಲಗೆ ಇನ್ನೂ ಒಳ್ಳೆಯದು, ವರ್ಷಗಟ್ಟಲೆ ಒಣಗಿರುತ್ತದೆ. ಸುಮಾರು 33 ಇಂಚು ಉದ್ದ, 5 ಇಂಚು ಅಗಲದ ಎರಡು ಹಲಗೆ ಬೇಕು, ಪಕ್ಕಕ್ಕೊಂದು. ತುದಿಯಿಂದ ನೋಡಿದರೆ ಮರದ ಗೆರೆಗಳು ಹಲಗೆಯ ಮುಖಕ್ಕೆ ನೇರವಾಗಿ ನಿಂತಿರಬೇಕು. ಗಂಟು ಇರಲೇಬಾರದು, ಮುರಿಯುವುದು ಅಲ್ಲೇ.

ಮೊದಲು ಅಚ್ಚು

ಗಿಟಾರಿನ ಅರ್ಧ ಆಕಾರವನ್ನು ತೆಳು ಪ್ಲೈವುಡ್ ಮೇಲೆ ಬರೆದು ಕತ್ತರಿಸಿ. ಡ್ರೆಡ್‌ನಾಟ್ ಎಂಬ ದೊಡ್ಡ ದೇಹದ ಗಿಟಾರ್ ಮಾದರಿಗೆ ದೇಹದ ಉದ್ದ 20 ಇಂಚು, ಕೆಳಗಿನ ಅಗಲ ಹದಿನೈದೂವರೆ, ಮೇಲಿನದು ಹನ್ನೊಂದೂವರೆ, ಸೊಂಟ ಸುಮಾರು 11. ಇದೇ ಆಕಾರವನ್ನು ಒಳಗಿನಿಂದ ತೆಗೆದ 18 ಮಿಲಿಮೀಟರ್ ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು, ನಾಲ್ಕೈದು ಪದರ ಅಂಟಿಸಿ. ಇದಕ್ಕೆ ಸಾಮಾನ್ಯ ಫೆವಿಕಾಲ್ ಸಾಕು. ಇಂಥ ಎರಡು ಅರ್ಧಗಳನ್ನು ಬೋಲ್ಟ್ ಹಾಕಿ ಸೇರಿಸಿದರೆ ಹೊರ ಅಚ್ಚು ಸಿದ್ಧ. ಒಳಗೋಡೆಗೆ ಪ್ಯಾಕಿಂಗ್ ಟೇಪ್ ಹಚ್ಚಿ, ಇಲ್ಲದಿದ್ದರೆ ಆಮೇಲೆ ಗಿಟಾರೂ ಅಚ್ಚಿಗೇ ಅಂಟಿಕೊಳ್ಳುತ್ತದೆ.

ಆಮೇಲೆ ಬಿಸಿ

ಎರಡು ಮೂರು ಇಂಚಿನ ಕಬ್ಬಿಣದ ಪೈಪನ್ನು ವೈಸ್‌ಗೆ ಬಿಗಿದು, ಒಳಗಿನಿಂದ ಗ್ಯಾಸ್ ಟಾರ್ಚ್ ಹಿಡಿಯಬೇಕು. ಸತು ಲೇಪಿಸಿದ ಜಿಐ ಪೈಪ್ ಬೇಡ, ಜಾಸ್ತಿ ಕಾದರೆ ಸತುವಿನ ಹೊಗೆ ಬರುತ್ತದೆ. ಪೈಪಿನ ಮೇಲೆ ನೀರು ಚಿಮುಕಿಸಿದರೆ ತೆಳ್ಳೇವಿನ ಕಾವಲಿಯಲ್ಲಿ ಆಗುವ ಹಾಗೆ ಚುರ್ ಎನ್ನಬೇಕು. 150 ಡಿಗ್ರಿ ಆಸುಪಾಸು ಸಾಕು. ಸುಟ್ಟ ವಾಸನೆ ಬಂದರೆ ಟಾರ್ಚ್ ತೆಗೆಯಿರಿ.

ಎರಡೂ ಹಲಗೆಗಳ ಹೊರಮುಖಕ್ಕೆ ಮತ್ತು ಕುತ್ತಿಗೆಯ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇದನ್ನು ಬಿಟ್ಟವರಿಗೆ ಎರಡೂ ಎಡಪಕ್ಕಗಳೇ ಸಿಗುತ್ತವೆ!

ಶುರು ಮಾಡುವುದು ಸೊಂಟದಿಂದ. ಹಲಗೆಗೆ ನೀರು ಸವರಿ, ಸೊಂಟದ ಗುರುತನ್ನು ಪೈಪಿನ ಮೇಲಿಟ್ಟು, ಹಿಂದುಮುಂದು ಆಡಿಸುತ್ತಾ ಹಗುರವಾಗಿ ಒತ್ತಿ. ಮೊದಲು ಹಲಗೆ ಜಗ್ಗುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಕೈಯಲ್ಲೇ ಗೊತ್ತಾಗುತ್ತದೆ, ಗಟ್ಟಿ ಇದ್ದದ್ದು ಒಮ್ಮೆಲೇ ಮೆತ್ತಗಾಗಿ ಒತ್ತಿದ ಕಡೆಗೆ ಬರುತ್ತದೆ. ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಶ ಸಡಿಲಾಗುವುದು ಆಗಲೇ. ಅದಕ್ಕೆ ಮುಂಚೆ ಬಲ ಹಾಕಿದರೆ ಬಾಗುವಿನ ಹೊರಮೈ ನಾರು ಸೀಳುತ್ತದೆ. ಹೊರಗಡೆಯಿಂದ ತೆಳು ಸ್ಟೀಲ್ ಪಟ್ಟಿ ಒತ್ತಿ ಹಿಡಿದರೆ ಈ ಭಯ ಕಡಿಮೆ. ಬಾಗಿದ ಮೇಲೆ ತಣ್ಣಗಾಗುವವರೆಗೆ ಕೈಬಿಡಬೇಡಿ. ಸೊಂಟ ಆದಮೇಲೆ ಹಲಗೆ ಮಗುಚಿ ಮೇಲಿನ ಉಬ್ಬು, ಕೊನೆಗೆ ಕೆಳಗಿನದು. ನಡುನಡುವೆ ಅಚ್ಚಿಗಿಟ್ಟು ನೋಡುತ್ತಿರಿ. ಬೆರಳಲ್ಲಿ ಒತ್ತಿದರೆ ಅಚ್ಚಿಗೆ ಕೂರುವಷ್ಟು ಹತ್ತಿರ ಬರಬೇಕು. ಉಳಿದ ದೊಡ್ಡ ಸಂದನ್ನು ಕ್ಲ್ಯಾಂಪಿನಿಂದ ಬಿಗಿದು ಮುಚ್ಚುವುದು ಅವಸರದವರ ಕೆಲಸ. ಅಚ್ಚಿನಿಂದ ತೆಗೆದ ದಿನ ಅದು ಬಾಯಿ ಬಿಡುತ್ತದೆ.

ಅಚ್ಚಿನೊಳಗೆ

ಬಾಗಿದ ಎರಡೂ ಪಕ್ಕಗಳನ್ನು ಅಚ್ಚಿಗೆ ಇಳಿಸಿ. ಸೊಂಟದ ಹತ್ತಿರ ಒಳಗಿನಿಂದ ಅಡ್ಡ ಕೋಲು ಕೊಟ್ಟು ಬೆಣೆ ಹೊಡೆಯಿರಿ, ಉಬ್ಬುಗಳಿಗೆ ಕ್ಲ್ಯಾಂಪ್ ಹಾಕಿ. ಒಣ ಹವೆಯಿದ್ದರೆ ಒಂದೆರಡು ದಿನ ಸಾಕು. ನಮ್ಮ ಕರಾವಳಿಯಲ್ಲಿ ಅಷ್ಟಕ್ಕೇ ತೆಗೆದರೆ ಹಲಗೆ ತೇವ ಎಳೆದುಕೊಂಡು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ, ಅಲ್ವಾ? ವಾರ ಬಿಡುವುದೇ ಲೇಸು. ಸಾಧ್ಯವಾದರೆ ಈ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲೇ ಮಾಡುವುದಾದರೆ ಮುಚ್ಚಿದ ಕಪಾಟಿನಲ್ಲಿ 40 ವ್ಯಾಟಿನ ಹಳೇ ನಮೂನೆ ಬಲ್ಬ್ ಉರಿಸಿ, ಅದರಿಂದ ದೂರಕ್ಕೆ ಅಚ್ಚು ಇಡಿ. ಎಲ್‌ಇಡಿ ಬಲ್ಬಿನ ಬಿಸಿ ಸಾಲದು. ಗಾಳಿಯ ತೇವಾಂಶ ಅಳೆಯುವ ಸಣ್ಣ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಂಟು ಹಚ್ಚುವ ಹೊತ್ತಿಗೆ ಅದು ಶೇಕಡಾ 50ರ ಆಸುಪಾಸು ತೋರಿಸಿದರೆ ಒಳ್ಳೆಯದು.

ಮುಂದೆ ಪಕ್ಕಗಳ ತುದಿಗಳನ್ನು ನಡುಗೆರೆಗೆ ಸರಿಯಾಗಿ ಕೊಯ್ದು, ಕುತ್ತಿಗೆ ಕಡೆಗೊಂದು, ಬುಡಕ್ಕೊಂದು ಮರದ ದಿಮ್ಮಿ ಅಂಟಿಸಬೇಕು. ಮೇಲ್ಹಲಗೆ ಅಂಟಿ ಕೂರಲೆಂದು ಅಂಚಿನುದ್ದಕ್ಕೂ ಕಚ್ಚು ಹಾಕಿದ ಸಣ್ಣ ಪಟ್ಟಿ ಬರುತ್ತದೆ. ಅದನ್ನು ಹಿಡಿಯಲು ಬಟ್ಟೆ ಕ್ಲಿಪ್ಪು ಸಾಕು, ಡಜನ್‌ಗಟ್ಟಲೆ ಬೇಕು ಅಷ್ಟೇ. ಇದೆಲ್ಲ ನಡೆಯುವುದು ಅಚ್ಚಿನೊಳಗೇ. ಮೇಲ್ಹಲಗೆ ಕೂತು ಅಂಟು ಒಣಗುವವರೆಗೆ ಬೋಲ್ಟ್ ಬಿಚ್ಚಬೇಡಿ.