ಗುಜರಿ ಲಾರಿಯಿಂದ ಶುರು ಮಾಡಿ: ಕಾರ್ಖಾನೆಯಲ್ಲಿ ಪ್ರಾಮಾಣಿಕತೆಗೆ ದಾರಿ ಮಾಡಿಕೊಟ್ಟ ಬಗೆ

ಪೀಣ್ಯದ ಕಡೆ ಸಾಮಾನ್ಯವಾಗಿ ಕಾಣುವಂಥ ಮಷೀನಿಂಗ್ ಕಾರ್ಖಾನೆ. ಇನ್ನೂರರ ಆಸುಪಾಸಿನ ಜನ, ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಸಿಎನ್‌ಸಿ ಯಂತ್ರಗಳು, ಒಂದು ಸ್ಟೋರ್ಸ್, ಮೂರೇ ಜನರ ಪರ್ಚೇಸ್ ವಿಭಾಗ. ಅರ್ಧದಷ್ಟು ಗುತ್ತಿಗೆ ಕಾರ್ಮಿಕರು. ಇಂಥ ಕಡೆ ನೀತಿಸಂಹಿತೆ ಅಂದರೆ ರಿಸೆಪ್ಷನ್ ಗೋಡೆಗೆ ಚೌಕಟ್ಟು ಹಾಕಿ ನೇತುಹಾಕಿದ ಒಂದು ಹಾಳೆ. ಒಳಗೆ ಕರೆಯುವ ತನಕ ಬೇಜಾರಾಗಿ ಕೂತ ಸಪ್ಲೈಯರ್‌ಗಳು ಮಾತ್ರ ಅದನ್ನು ಓದುತ್ತಾರೆ. ನಾವು ಆ ಹಾಳೆಯನ್ನು ಕೊನೆಗೆ ಬರೆದೆವು. ನಿಜ ಹೇಳುವುದಕ್ಕಿಂತ ಸುಳ್ಳು ಹೇಳುವುದೇ ಸಲೀಸಾಗಿರುವ ಜಾಗಗಳು ಯಾವುವು ಅಂತ ಮೊದಲು ಪಟ್ಟಿ ಮಾಡಿಕೊಂಡೆವು. ಗುಜರಿ, ಕ್ವಾಲಿಟಿ ರಿಜಿಸ್ಟರು, ಬಿಲ್ ಪಾವತಿ, ಸರ್ಕಾರಿ ಲೈಸೆನ್ಸು ಸಿಕ್ಕವು. ಈ ಕ್ರಮದಲ್ಲೇ ಕೈ ಹಾಕಿದೆವು.

ಗುಜರಿಯಿಂದ ಯಾಕೆ? ಅದು ಯಾರ ಟಾರ್ಗೆಟ್ಟೂ ಅಲ್ಲ, ಅದನ್ನು ಕೇಳುವ ಗ್ರಾಹಕ ಇಲ್ಲ, ಲಾರಿ ಬರುವುದು ಶನಿವಾರ ಸಂಜೆ. ಆದರೆ ಗೇಟಿನ ಸೆಕ್ಯುರಿಟಿಯಿಂದ ಹಿಡಿದು ಲೋಡಿಂಗ್ ಹುಡುಗರವರೆಗೆ ಎಲ್ಲರ ಕಣ್ಣೂ ಆ ಲಾರಿಯ ಮೇಲಿರುತ್ತದೆ. ಅಲ್ಲಿ ನಡೆಯುವುದನ್ನು ನೋಡಿಯೇ ಅವರು ಮಾಲೀಕರ ಮಾತಿಗೆ ಎಷ್ಟು ಬೆಲೆ ಅಂತ ಲೆಕ್ಕ ಹಾಕುವುದು.

ಮೋಸದ ದಾರಿಗಳು ಹಳೆಯವು. ಖಾಲಿ ಲಾರಿ ತೂಗುವಾಗ ಕ್ಯಾಬಿನ್‌ನಲ್ಲಿ ಇಬ್ಬರು ಕೂತಿರುತ್ತಾರೆ, ಹಿಂದೆ 200 ಲೀಟರಿನ ನೀರಿನ ಡ್ರಮ್ ಇರುತ್ತದೆ. ತುಂಬಿಸಿ ತೂಗುವ ಹೊತ್ತಿಗೆ ಜನ ಇಳಿದಿರುತ್ತಾರೆ, ನೀರು ಚರಂಡಿ ಸೇರಿರುತ್ತದೆ. ಅಲ್ಲೇ ಮುನ್ನೂರು ಕಿಲೋಗೂ ಹೆಚ್ಚು ಮಾಯ. ಇನ್ನೊಂದು, ಕಬ್ಬಿಣದ ಚೂರಿನ ಅಡಿಯಲ್ಲಿ ಹಿತ್ತಾಳೆ ಚೂರು ಹಾಕುವುದು. ಕಿಲೋ ಬೆಲೆಯಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರ ಇರುವುದರಿಂದ ಎರಡು ಚೀಲ ಸಾಕು. ಮೂರನೆಯದು ಎಲ್ಲಕ್ಕಿಂತ ಮರ್ಯಾದಸ್ಥ ಮೋಸ. ಚೂರಿಗೆ ಕೂಲಂಟ್ (ಲೋಹ ಕತ್ತರಿಸುವಾಗ ತಂಪಿಗೆ ಸುರಿಯುವ ದ್ರವ) ಅಂಟಿದೆ ಅಂತ ಗುಜರಿಯವನು ಕಣ್ಣಳತೆಯಲ್ಲಿ ತೇವದ ಕಡಿತ ಹಾಕುತ್ತಾನೆ. ಅದು ಶೇ. 3 ಆಗಬೇಕೋ ಶೇ. 8 ಆಗಬೇಕೋ ಅನ್ನುವುದು ಸ್ಟೋರ್ಸಿನವನ ಜೇಬಿನಲ್ಲಿ ತೀರ್ಮಾನವಾಗುತ್ತದೆ.

ನಾವು ಮಾಡಿದ್ದು ಇಷ್ಟು. ಪ್ರತಿ ಯಂತ್ರದ ಪಕ್ಕದಲ್ಲೇ ಲೋಹಕ್ಕೊಂದು ಬಣ್ಣದ ಡಬ್ಬ. ಚೂರನ್ನು ಇಳಿಜಾರಿನ ಜಾಲರಿ ತಟ್ಟೆಯಲ್ಲಿ 24 ಗಂಟೆ ಸೋರಲು ಬಿಟ್ಟು, ಆಮೇಲೆ ತೇವದ ಕಡಿತವೇ ಇಲ್ಲ ಅಂತ ಕರಾರಿನಲ್ಲಿ ಬರೆದೆವು. ಸೋರಿದ ಕೂಲಂಟ್ ಮತ್ತೆ ಬಳಕೆಗೆ ಬಂದದ್ದು ಲಾಭ. ಖಾಲಿ ತೂಕಕ್ಕೆ ಮೊದಲು ಡ್ರೈವರ್ ಕೆಳಗಿಳಿಯಬೇಕು, ಟೂಲ್ ಬಾಕ್ಸ್ ತೆರೆಯಬೇಕು, ಸ್ಟೆಪ್ನಿ ಎಷ್ಟಿವೆ ಅಂತ ಬರೆಯಬೇಕು. ತುಂಬಿದ ಮೇಲೂ ಅದೇ ಸ್ಥಿತಿಯಲ್ಲಿ ತೂಕ. ಲಾರಿ ತೂಗುವ ವೇಬ್ರಿಡ್ಜ್ ಎರಡಿವೆ, ಯಾವುದಕ್ಕೆ ಹೋಗಬೇಕು ಅನ್ನುವುದನ್ನು ಗೇಟಿನಲ್ಲಿ ಹೇಳುತ್ತೇವೆ. ಲೋಡಿಂಗ್ ಹೊತ್ತಿಗೆ ಸ್ಟೋರ್ಸ್ ಮತ್ತು ಸೆಕ್ಯುರಿಟಿ ಜೊತೆಗೆ ಪ್ರೊಡಕ್ಷನ್‌ನ ಒಬ್ಬರು. ಅವರ ಹೆಸರನ್ನು ಆ ಬೆಳಗ್ಗೆಯೇ ಚೀಟಿ ಎತ್ತಿ ಆರಿಸುವುದು. ಬ್ಯಾಂಕಿಗೆ ದುಡ್ಡು ಬೀಳದೆ ಗೇಟ್ ಪಾಸ್ ಇಲ್ಲ, ನಗದು ಇಲ್ಲವೇ ಇಲ್ಲ.

ಇಷ್ಟೆಲ್ಲ ಮಾಡಿಯೂ ತಾಳೆ ನೋಡದಿದ್ದರೆ ವ್ಯರ್ಥ. ಒಂದು ಪೀಸಿಗೆ 2.4 ಕಿಲೋ ಲೋಹದ ಬಾರ್ ಹೋಗುತ್ತದೆ, ಸಿದ್ಧವಾದ ಪೀಸು 1.5 ಕಿಲೋ ಇದೆ ಅಂದರೆ ಚೂರು 0.9 ಕಿಲೋ. ತಿಂಗಳಿಗೆ 10,000 ಪೀಸು ಮಾಡಿದರೆ 9 ಟನ್ ಗುಜರಿ ಹೋಗಿರಬೇಕು. ಶೇ. 3ರಷ್ಟು ಆಚೀಚೆ ಆದರೆ ಬಿಡುತ್ತೇವೆ. ಅದಕ್ಕಿಂತ ಹೆಚ್ಚಾದರೆ ಮೊದಲು ಡ್ರಾಯಿಂಗ್ ತೂಕ ಸರಿಯೇ ಅಂತ ನೋಡುತ್ತೇವೆ, ಆಮೇಲೆ ಮನುಷ್ಯರನ್ನು. ಈ ಕ್ರಮ ತಿರುಗುಮುರುಗಾದರೆ ಒಂದೇ ವಾರದಲ್ಲಿ ಇಡೀ ಶಾಪ್ ಫ್ಲೋರ್ ಬಾಯಿ ಮುಚ್ಚಿಕೊಳ್ಳುತ್ತದೆ.

ಇನ್ನು ಪೀಸುಗಳ ಅಳತೆ ಬರೆದಿಡುವ ಕ್ವಾಲಿಟಿ ರಿಜಿಸ್ಟರು. ಇಲ್ಲಿ ದುಡ್ಡಿನ ಕೈಬದಲಾವಣೆ ಇಲ್ಲ, ಹಾಗಾಗಿ ಇದನ್ನು ಯಾರೂ ನೀತಿಯ ಪ್ರಶ್ನೆ ಅಂದುಕೊಳ್ಳುವುದೇ ಇಲ್ಲ. ನನ್ನ ಪ್ರಕಾರ ಕಾರ್ಖಾನೆಯಲ್ಲಿ ಸುಳ್ಳಿನ ಅಭ್ಯಾಸ ಶುರುವಾಗುವುದೇ ಇಲ್ಲಿ. 25 ಮಿಲಿಮೀಟರ್ ವ್ಯಾಸದ ಶಾಫ್ಟ್, ಆಚೀಚೆ 0.02 ಅವಕಾಶ ಅಂತಿಟ್ಟುಕೊಳ್ಳಿ. ನಿಜವಾಗಿ ಅಳೆದ ರಿಜಿಸ್ಟರಿನಲ್ಲಿ ಒಂದು ನಡಿಗೆ ಕಾಣುತ್ತದೆ: 25.002, 25.005, 25.009, 25.013. ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಅಲಗು, ಸವೆದಂತೆ ವ್ಯಾಸ ಮೆಲ್ಲಗೆ ಏರುತ್ತದೆ, ಆಪರೇಟರ್ ಆಫ್‌ಸೆಟ್ ಕೊಟ್ಟು ಆ ಸವೆತವನ್ನು ಸರಿದೂಗಿಸಿದ ಕೂಡಲೇ ಧಪ್ ಅಂತ ಇಳಿಯುತ್ತದೆ. ಕೂತಲ್ಲೇ ತುಂಬಿಸಿದ ರಿಜಿಸ್ಟರಿನಲ್ಲಿ ಈ ಏರಿಳಿತ ಇರುವುದಿಲ್ಲ. 25.00, 25.01, 24.99, 25.00 ಅಂತ ಅಂಕಿಗಳು ನಡುಮಧ್ಯದಲ್ಲೇ ಕುಣಿಯುತ್ತಿರುತ್ತವೆ. ಇಡೀ ಪುಟ ಒಂದೇ ಪೆನ್ನು, ಒಂದೇ ಒತ್ತು, ಒಂದು ಕಡೆಯೂ ಎಣ್ಣೆಯ ಬೆರಳಚ್ಚಿಲ್ಲ.

ಇದನ್ನು ಕಂಡ ಕೂಡಲೇ ಇನ್‌ಸ್ಪೆಕ್ಟರ್‌ಗೆ ಮೆಮೋ ಕೊಡುವುದು ರೂಢಿ. ಅದಕ್ಕೆ ಮುಂಚೆ ಲೆಕ್ಕ ಮಾಡಿ ನೋಡಿ. ಶಿಫ್ಟಿಗೊಬ್ಬ ಇನ್‌ಸ್ಪೆಕ್ಟರ್, 14 ಯಂತ್ರ, ಗಂಟೆಗೊಮ್ಮೆ 5 ಪೀಸು ಅಳೆಯಬೇಕು ಅಂತ ಕಂಟ್ರೋಲ್ ಪ್ಲಾನ್ (ಏನನ್ನು, ಎಷ್ಟು ಸಲ ಅಳೆಯಬೇಕು ಅನ್ನುವ ಯೋಜನೆ) ಹೇಳುತ್ತದೆ. ಒಂದು ಪೀಸಿಗೆ ಒಂದೇ ನಿಮಿಷ ಹಿಡಿದರೂ ಗಂಟೆಗೆ 70 ನಿಮಿಷದ ಕೆಲಸ. ಆತ ನೀರು ಕುಡಿಯಲು ಹೋಗದಿದ್ದರೂ ಸುಳ್ಳು ಬರೆಯಲೇಬೇಕು. ಸುಳ್ಳನ್ನು ಪ್ಲಾನ್‌ನಲ್ಲೇ ಬರೆದು, ಸಹಿ ಮಾತ್ರ ಆತನಿಂದ ಹಾಕಿಸಿದ್ದೇವೆ! ಗ್ರಾಹಕರ ಒಪ್ಪಿಗೆ ಪಡೆದು ಪ್ಲಾನ್ ಬದಲಿಸಿದೆವು: ಮೊದಲ ಪೀಸು, ಇನ್ಸರ್ಟ್ ಬದಲಿಸಿದ ಮೇಲಿನ ಪೀಸು, ಮಿಕ್ಕಂತೆ ಎರಡು ಗಂಟೆಗೊಮ್ಮೆ 3 ಪೀಸು ಆಪರೇಟರೇ ಅಳೆದು ಬರೆಯುವುದು, ಇನ್‌ಸ್ಪೆಕ್ಟರ್ ಶಿಫ್ಟಿಗೆ ಎರಡು ಸಲ ಮರುಪರೀಕ್ಷೆ. ಅಳೆಯಲು ಆಗದಿದ್ದರೆ ಆ ಚೌಕದಲ್ಲಿ ಗೆರೆ ಎಳೆದು ಕಾರಣ ಬರೆಯಬಹುದು. ಖಾಲಿ ಬಿಟ್ಟದ್ದಕ್ಕೆ ಪ್ರಶ್ನೆ ಇದೆ, ಶಿಕ್ಷೆ ಇಲ್ಲ. ಊಹಿಸಿ ತುಂಬಿಸಿದ್ದಕ್ಕೆ ಶಿಕ್ಷೆ ಇದೆ. ಮೊದಲ ಎರಡು ತಿಂಗಳು ರಿಜಿಸ್ಟರು ನೋಡಲು ಅಸಹ್ಯವಾಗಿತ್ತು, ತಿರಸ್ಕೃತ ಪೀಸುಗಳ ಸಂಖ್ಯೆ ಏರಿತು. ಅದು ಏರಲೇಬೇಕು. ಆ ಹೊತ್ತಿನಲ್ಲಿ ಪ್ರೊಡಕ್ಷನ್ ಮೀಟಿಂಗಿನಲ್ಲಿ ಯಾರಾದರೂ ಮೇಲಿನವರು ದನಿ ಏರಿಸಿದರೆ ಹಳೆಯ ಅಂದವಾದ ರಿಜಿಸ್ಟರು ಮರಳಿ ಬರುತ್ತದೆ.

ಮುಟ್ಟಲಾಗದ ಗುರಿ ಕೊಟ್ಟು ಕೆಳಗಿನವರನ್ನು ಬೈಯುವುದು ಸಣ್ಣ ಕಾರ್ಖಾನೆಗಳ ರೋಗ ಮಾತ್ರವಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಮಾರಾಟದ ಗುರಿ ತುಂಬಿಸಲು ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆಗಳನ್ನು ತೆರೆದಿದ್ದರು. 2016ರಲ್ಲಿ ಅದು ಹೊರಬಿದ್ದಾಗ ಬ್ಯಾಂಕು 18.5 ಕೋಟಿ ಡಾಲರ್ ಕಟ್ಟಲು ಒಪ್ಪಿತು, ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದಾಗಿ ಹೇಳಿತು. ಅಷ್ಟೊಂದು ಜನರನ್ನು ತೆಗೆಯಬೇಕಾಗಿ ಬಂದರೆ ಕೊಳೆತಿರುವುದು ಹಣ್ಣಲ್ಲ, ಬುಟ್ಟಿ.

ಪರ್ಚೇಸಿನ ಕಮಿಷನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಕೌಂಟ್ಸಿನ ಕಮಿಷನ್ ಬಗ್ಗೆ ಕಡಿಮೆ. ಸಪ್ಲೈಯರ್ ಬಿಲ್ಲು 90–120 ದಿನ ಕೂತಿರುವ ಕಡೆ, ಯಾರ ಬಿಲ್ಲು ಮೊದಲು ಅನ್ನುವುದು ಮಾರಾಟದ ಸರಕಾಗುತ್ತದೆ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆ, 2006ರ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ, ಕರಾರಿನಲ್ಲಿ ಏನೇ ಬರೆದಿದ್ದರೂ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾವು ಪಾವತಿಗೆ ತಿಂಗಳ 10 ಮತ್ತು 25 ಅಂತ ಎರಡೇ ದಿನ ಇಟ್ಟೆವು. ಸ್ಟೋರ್ಸಿನಲ್ಲಿ ಮಾಲು ಒಪ್ಪಿಕೊಂಡ ತಾರೀಖಿನ ಸಾಲಿನಲ್ಲೇ ಪಾವತಿ. ಸಾಲು ಮುರಿದು ಯಾರಿಗಾದರೂ ಮೊದಲು ಕೊಡಬೇಕಾದರೆ ಕಾರಣ ಬರೆದು ಇಬ್ಬರು ಸಹಿ ಹಾಕಬೇಕು, ಆ ಪಟ್ಟಿ ತಿಂಗಳಿಗೊಮ್ಮೆ ಮಾಲೀಕರ ಮೇಜಿಗೆ. ಹೊಸ ಸಪ್ಲೈಯರ್ ಹೆಸರು ಸಿಸ್ಟಮ್‌ಗೆ ಸೇರಿಸುವವರು ಪರ್ಚೇಸ್ ಆರ್ಡರ್ ಹಾಕುವವರಾಗಿರಬಾರದು, ಬ್ಯಾಂಕ್ ಖಾತೆ ಬದಲಾವಣೆಯನ್ನು ಈಮೇಲ್ ನಂಬಿ ಮಾಡಬಾರದು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ತಿದ್ದುಪಡಿಯ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ಅದನ್ನು ಆಡಿಟರ್ ನೋಡಲಿ ಅಂತ ಬಿಡದೆ ತಿಂಗಳಿಗೊಮ್ಮೆ ನಾವೇ ತೆರೆದು ನೋಡುತ್ತೇವೆ.

ಹಬ್ಬದ ಉಡುಗೊರೆಯದ್ದು ಸುಲಭ. ಆಯುಧಪೂಜೆಗೆ ಮೂರು ವಾರ ಮುಂಚೆ ಸಪ್ಲೈಯರ್‌ಗಳಿಗೆ ಪತ್ರ: ಸಿಹಿ, ಡೈರಿ, ಕ್ಯಾಲೆಂಡರ್ ಬಿಟ್ಟು ಏನೂ ಬೇಡ, ಯಾರ ಮನೆಗೂ ಕಳಿಸಬೇಡಿ. ಬಂದದ್ದೆಲ್ಲ ಸ್ಟೋರ್ಸಿನಲ್ಲಿ ಜಮೆ, ಪೂಜೆಯ ದಿನ ಹೌಸ್‌ಕೀಪಿಂಗ್‌ನವರೂ ಸೇರಿ ಎಲ್ಲರಿಗೂ ಚೀಟಿ ಎತ್ತಿ ಹಂಚಿಕೆ. ಮಾಲೀಕರ ಮನೆಗೆ ಬಂದ ಡಬ್ಬಗಳೂ ಅದೇ ರಾಶಿಗೆ ಬರಬೇಕು, ಮೊದಲು ಬರಬೇಕು. ಅವರ ಡ್ರೈವರ್‌ಗೆ ಎಲ್ಲ ಗೊತ್ತಿರುತ್ತದೆ.

ಸರ್ಕಾರಿ ಕಚೇರಿಗಳಲ್ಲಿ ಕೊಡುವ ಮಾಮೂಲಿಯ, ಅಂದರೆ ಲಂಚದ, ವಿಷಯ ಕಷ್ಟದ್ದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವವರಿಗೂ 7 ವರ್ಷದವರೆಗೆ ಜೈಲು ಇದೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಪಾರು. ಕಂಪನಿಯೂ ಹೊಣೆ, ತಡೆಯಲು ತಕ್ಕ ವ್ಯವಸ್ಥೆ ಇಟ್ಟಿದ್ದೆವು ಅಂತ ತೋರಿಸಿದರೆ ರಕ್ಷಣೆ ಉಂಟು. ಆದರೆ ಕಾನೂನು ಓದಿ ಹೇಳಿದರೆ ಅಡ್ಮಿನ್ ಹುಡುಗನಿಗೆ ಏನೂ ಸಿಗುವುದಿಲ್ಲ. ಆತನ ಕೈ ಸಿಕ್ಕಿಬೀಳುವುದು ತಡದಿಂದ. ಲೈಸೆನ್ಸ್ ಮುಗಿಯಲು ಮೂರು ದಿನ ಇರುವಾಗ ಅರ್ಜಿ ಹಿಡಿದು ಹೋದವನ ಹತ್ತಿರ ಕೊಡದೆ ಬೇರೆ ದಾರಿ ಏನಿದೆ? ಹಾಗಾಗಿ ಎಲ್ಲ ಪರವಾನಗಿಗಳ ಒಂದೇ ಕ್ಯಾಲೆಂಡರ್, 90 ದಿನ ಮುಂಚೆ ಅರ್ಜಿ, ಸ್ವೀಕೃತಿ ಸಂಖ್ಯೆ ಫೈಲಿನಲ್ಲಿ. ಕನ್ಸಲ್ಟೆಂಟ್‌ಗಳ ‘ಎಲ್ಲಾ ಸೇರಿ ಇಷ್ಟು’ ಅನ್ನುವ ಬಿಲ್ಲು ಒಪ್ಪುವುದಿಲ್ಲ. ಸರ್ಕಾರಿ ಶುಲ್ಕಕ್ಕೆ ಚಲನ್, ಅವರ ಕೂಲಿಗೆ ಬೇರೆ ಇನ್‌ವಾಯ್ಸ್. ಪೆಟ್ಟಿ ಕ್ಯಾಶಿನಲ್ಲಿ ‘ಇತರೆ ಖರ್ಚು’ ಅನ್ನುವ ತಲೆಬರಹವನ್ನೇ ತೆಗೆದುಹಾಕಿದೆವು. ತಡವಾದರೆ ಉತ್ಪಾದನೆ ನಿಂತರೂ ಆ ಹುಡುಗನನ್ನು ಬೈಯುವುದಿಲ್ಲ ಅಂತ ಮಾಲೀಕರು ಎಲ್ಲರ ಮುಂದೆ ಹೇಳಬೇಕು. ಹೇಳದಿದ್ದರೆ ಮೇಲಿನದೆಲ್ಲ ನಾಟಕ.

ಈಗ ದೂರಿನ ಪೆಟ್ಟಿಗೆ. ಲಿಸ್ಟ್ ಆದ ಕಂಪನಿಗಳಿಗೆ, ಸಾರ್ವಜನಿಕರಿಂದ ಠೇವಣಿ ಪಡೆದವರಿಗೆ, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗೂ ಮೀರಿ ಸಾಲ ಪಡೆದವರಿಗೆ ಕಂಪನಿಗಳ ಕಾಯ್ದೆ ಇಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡಿದೆ. ನಮ್ಮಂಥ ಕಡೆ ಕಡ್ಡಾಯ ಇಲ್ಲ, ಆದರೂ ಬೇಕು. ಪೆಟ್ಟಿಗೆ ಎಚ್‌ಆರ್ ಬಾಗಿಲ ಪಕ್ಕ ಇಟ್ಟರೆ ಖಾಲಿ ಇರುತ್ತದೆ. ಕ್ಯಾಮೆರಾ ಇಲ್ಲದ ಕಡೆ, ಕೈ ತೊಳೆಯುವ ಜಾಗದ ದಾರಿಯಲ್ಲಿ ಇಡಿ. ಎರಡು ಬೀಗ, ಎರಡು ಕೀಲಿ: ಒಂದು ಎಚ್‌ಆರ್ ಹತ್ತಿರ, ಇನ್ನೊಂದು ಕಾರ್ಮಿಕರೇ ಆರಿಸಿದ ಒಬ್ಬರ ಹತ್ತಿರ. ಶುಕ್ರವಾರ ಇಬ್ಬರೂ ಸೇರಿ ತೆರೆಯುತ್ತಾರೆ. ಪ್ರತಿ ಚೀಟಿಗೂ ಸಂಖ್ಯೆ, ಮೂರು ದಿನದೊಳಗೆ ನೋಟಿಸ್ ಬೋರ್ಡಿನಲ್ಲಿ ‘ಚೀಟಿ 7 ಸಿಕ್ಕಿದೆ, ವಿಚಾರಣೆಯಲ್ಲಿದೆ’ ಅಂತ ಕನ್ನಡ, ಹಿಂದಿ, ಒಡಿಯಾದಲ್ಲಿ ಒಂದು ಸಾಲು, 30 ದಿನದೊಳಗೆ ಏನಾಯಿತು ಅನ್ನುವ ಇನ್ನೊಂದು ಸಾಲು.

ಮೊದಲ ಚೀಟಿಗಳು ಹಗರಣದ ಬಗ್ಗೆ ಬರುವುದಿಲ್ಲ. ಸಾರು ನೀರಾಗಿದೆ, ರಾತ್ರಿ ಶಿಫ್ಟಿಗೆ ಮುದ್ದೆ ತಣ್ಣಗಿದೆ, ಶೌಚಾಲಯದ ಚಿಲಕ ಮುರಿದಿದೆ. ಇದೆಲ್ಲ ನಮ್ಮ ಕೆಲಸವಲ್ಲ ಅಂತ ಪಕ್ಕಕ್ಕಿಟ್ಟರೆ ಕೆಟ್ಟಿರಿ. ಅವರು ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ. ಚಿಲಕ ನಾಲ್ಕು ದಿನದಲ್ಲಿ ಸರಿಯಾದರೆ ಗುತ್ತಿಗೆದಾರ ಓಟಿ ದುಡ್ಡು ಹಿಡಿದುಕೊಂಡ ಚೀಟಿ ಆಮೇಲೆ ಬರುತ್ತದೆ. ಅಕ್ಷರ ಯಾರದ್ದು ಅಂತ ಒಂದು ಸಲ ಹಾಜರಾತಿ ಪುಸ್ತಕದ ಜೊತೆ ಹೋಲಿಸಿ ನೋಡಿದಿರೋ, ಪೆಟ್ಟಿಗೆಯನ್ನು ಬಿಚ್ಚಿ ಗುಜರಿಗೆ ಹಾಕಬಹುದು.

ಲೈಂಗಿಕ ಕಿರುಕುಳದ ದೂರು ಮಾತ್ರ ಈ ದಾರಿಯಲ್ಲಿ ಹೋಗಬಾರದು. 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ 2013ರ ಕಾಯ್ದೆಯಂತೆ ಕಡ್ಡಾಯ: ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು, ವಿಚಾರಣೆಗೆ 90 ದಿನ. ಪೆಟ್ಟಿಗೆಯಲ್ಲಿ ಅಂಥ ಚೀಟಿ ಸಿಕ್ಕರೆ ಮಡಿಸಿ, ನಕಲು ಮಾಡದೆ, ನೇರ ಅಧ್ಯಕ್ಷೆಯ ಕೈಗೆ.

ಶಿಕ್ಷೆಯ ವಿಷಯದಲ್ಲಿ ಕೆಡುವುದು ಯಾವಾಗಲೂ ಒಂದೇ ಕಡೆ: ಆರ್ಡರ್ ತರುವ ಸೇಲ್ಸ್‌ನವರು, ಬೇರೆ ಯಾರಿಗೂ ಬಾರದ ಯಂತ್ರದ ಸೆಟ್ಟಿಂಗ್ ಬರುವ ಹಿರಿಯ ಸೂಪರ್‌ವೈಸರ್. ಹೆಲ್ಪರ್ ಸುಳ್ಳು ಓಟಿ ಬರೆದರೆ ಅಮಾನತು, ಇವರು ಸುಳ್ಳು ಟ್ಯಾಕ್ಸಿ ಬಿಲ್ಲು ಕೊಟ್ಟರೆ ‘ಮುಂದೆ ನೋಡಿಕೊಳ್ಳಿ’. ಇದಕ್ಕೆ ನಾವು ಕಂಡುಕೊಂಡ ಉಪಾಯ, ವಿಚಾರಣಾ ವರದಿಯಲ್ಲಿ ಹೆಸರು, ಹುದ್ದೆ ಎರಡನ್ನೂ ಮುಚ್ಚಿ, ಮಾಡಿದ್ದೇನು, ಮೊತ್ತ ಎಷ್ಟು, ಎಷ್ಟನೆಯ ಸಲ ಅನ್ನುವುದನ್ನಷ್ಟೇ ಮೂವರ ಮುಂದಿಡುವುದು. ಶಿಕ್ಷೆ ಬರೆದು ಸಹಿ ಹಾಕಿದ ಮೇಲೆ ಹೆಸರು ತೆರೆಯುತ್ತೇವೆ. ಸಣ್ಣ ಕಾರ್ಖಾನೆಯಲ್ಲಿ ಯಾರೆಂದು ಊಹೆ ಆಗಿಯೇ ಆಗುತ್ತದೆ, ನಿಜ. ಆದರೂ ಬರೆದ ಶಿಕ್ಷೆಯನ್ನು ಹೆಸರು ನೋಡಿದ ಮೇಲೆ ಕಡಿಮೆ ಮಾಡಬೇಕಾದರೆ ಕೈಯಾರೆ ಹೊಡೆದುಹಾಕಿ ಮತ್ತೆ ಸಹಿ ಮಾಡಬೇಕು, ಅದು ಫೈಲಿನಲ್ಲಿ ಉಳಿಯುತ್ತದೆ.

ತರಬೇತಿ ಅಂತ ವರ್ಷಕ್ಕೊಂದು ದಿನ ಸ್ಲೈಡ್ ತೋರಿಸುವುದನ್ನು ಬಿಟ್ಟೆವು. ತಿಂಗಳಿಗೊಮ್ಮೆ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ 15 ನಿಮಿಷ, ಒಂದೇ ಪ್ರಶ್ನೆ: ‘ಡಿಸ್‌ಪ್ಯಾಚ್ ಲಾರಿ ನಿಂತಿದೆ, ನಿನ್ನ ಮೈಕ್ರೋಮೀಟರಿನ ಕ್ಯಾಲಿಬ್ರೇಷನ್ ಅವಧಿ ನಿನ್ನೆಗೇ ಮುಗಿದಿದೆ, ಏನು ಮಾಡ್ತೀಯಾ?’ ಸೂಪರ್‌ವೈಸರ್ ಕೊನೆಗೆ ಮಾತಾಡಬೇಕು. ಮೊದಲೇ ಮಾತಾಡಿದರೆ ಉಳಿದವರೆಲ್ಲ ತಲೆಯಾಡಿಸಿ ಹೋಗುತ್ತಾರೆ.

ವರ್ಷಕ್ಕೊಮ್ಮೆ ಪರ್ಚೇಸ್ ಮೂವರ ಐಟಂಗಳನ್ನು ಅದಲುಬದಲು ಮಾಡಿ, ಗುಜರಿ ಕೊಟೇಷನ್ ಮೂರು ತಿಂಗಳಿಗೊಮ್ಮೆ ಹೊಸದಾಗಿ ಕರೆಯಿರಿ. ದೂರಿನ ಪೆಟ್ಟಿಗೆಯ ಕೀಲಿ ಇಟ್ಟುಕೊಂಡವರು ಕೆಲಸ ಬಿಟ್ಟರೆ ಕೀಲಿ ವಾಪಸ್ ಪಡೆದರಷ್ಟೇ ಸಾಲದು, ಅದೇ ದಿನ ಬೀಗ ಬದಲಿಸಿ. ಬದಲಿಸಿದ್ದನ್ನು ಊಟದ ಹೊತ್ತಿನಲ್ಲಿ, ಎಲ್ಲರಿಗೂ ಕಾಣುವಂತೆ ಮಾಡಿ.