ಗೇಮ್‌ಗೆ ಆಷಾಢದ ಆಕಾಶ ನಾನೇ ಬಿಡಿಸ್ಕೊಂಡಿದ್ದು

ನನ್ನ ಗೇಮ್ ನಡೆಯೋದು ಮಲೆನಾಡಿನ ಮಳೆಗಾಲದಲ್ಲಿ. ರೆಡಿಮೇಡ್ ಸ್ಕೈಬಾಕ್ಸ್ (ಗೇಮ್ ಸುತ್ತ ಹೊದಿಸೋ ಆಕಾಶದ ಚಿತ್ರ) ಎಷ್ಟು ನೋಡಿದ್ರೂ ನೀಲಿ ಆಕಾಶ, ಹಿಂಜಿದ ಹತ್ತಿ ಥರ ಮೋಡ, ಆಷಾಢದಲ್ಲಿ ಗುಡ್ಡದ ನೆತ್ತಿ ಮೇಲೇ ಕೂತ್ಬಿಡುತ್ತಲ್ಲ ಆ ಬೂದು ಮೋಡ ಮಾತ್ರ ಎಲ್ಲೂ ಸಿಗ್ಲಿಲ್ಲ. ಅದಕ್ಕೇ ಕ್ರೀಟಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್‌ನಲ್ಲಿ ಕೈಯಲ್ಲೇ ಬಿಡಿಸ್ದೆ.

ಇದಕ್ಕೆ ಬೇಕಾಗೋದು ಪನೋರಮಾ, ಅಂದ್ರೆ ಸುತ್ತಲಿನ ಇಡೀ ನೋಟ ಒಂದೇ ಹಾಳೆಯಲ್ಲಿ ಹರಡಿದ ಚಿತ್ರ. ಅದರ ಅಗಲ ಎತ್ತರದ ಎರಡರಷ್ಟಿರ್ಬೇಕು, ಯಾಕಂದ್ರೆ ಅಗಲ 360 ಡಿಗ್ರಿ, ಎತ್ತರ 180. 4096 ಪಿಕ್ಸೆಲ್ ಅಗಲ ಇಟ್ರೆ ಡಿಗ್ರಿಗೆ ಬರೀ 11 ಪಿಕ್ಸೆಲ್, 1920 ಸ್ಕ್ರೀನಲ್ಲಿ 90 ಡಿಗ್ರಿ ನೋಟಕ್ಕೆ ಸುಮಾರು 21 ಬೇಕು, ಮಸುಕಾಗುತ್ತೆ. ಹಾಗಾಗಿ 8192×4096, ಅದೂ ಬಣ್ಣದ ಛಾಯೆಗಳು ಹೆಚ್ಚು ಸಿಗೋ 16 ಬಿಟ್‌ನಲ್ಲೇ.

ಎಡ ಬಲ ಅಂಚು ಕೂಡಿಸೋದು ಎಲ್ರೂ ಹೆದ್ರೋ ವಿಷ್ಯ, ಆದ್ರೆ ಅದೇ ಸುಲಭ. ಕ್ರೀಟಾದಲ್ಲಿ ಡಬ್ಲ್ಯೂ ಕೀ ಒತ್ತಿದ್ರೆ ರ‍್ಯಾಪ್ ಅರೌಂಡ್ ಮೋಡ್ ಆನ್ ಆಗುತ್ತೆ, ಬಲಗಡೆ ದಾಟಿದ ಬ್ರಷ್ ಎಡಗಡೆಯಿಂದ ಬರುತ್ತೆ. ಮೇಲೆ ದಾಟಿದ್ದು ಕೆಳಗೂ ಬರುತ್ತೆ, ಅಲ್ಲಿ ಹೇಗೂ ನೆಲ ಮುಚ್ಕೊಳ್ಳುತ್ತೆ ಬಿಡಿ.

ನಿಜವಾದ ಕೆಲ್ಸ ಇರೋದು ನೆತ್ತಿಯಲ್ಲಿ, ಅಂದ್ರೆ ಆಕಾಶದಲ್ಲಿ ತಲೆಯ ನೇರ ಮೇಲಿರೋ ಜಾಗದಲ್ಲಿ. ಚಿತ್ರದ ಮೇಲಿನ ಅಂಚಿನ 8192 ಪಿಕ್ಸೆಲ್ಲೂ ಗೇಮಲ್ಲಿ ಒಂದೇ ಚುಕ್ಕೆಗೆ ಬಂದು ಸೇರುತ್ತೆ. ದಿಗಂತದಿಂದ 60 ಡಿಗ್ರಿ ಎತ್ತರದ ಮೋಡವನ್ನ ಎರಡು ಪಟ್ಟು ಅಡ್ಡ ಎಳೆದು ಬಿಡಿಸ್ಬೇಕು, 80ಕ್ಕೆ ಹೋದ್ರೆ ಹತ್ರ ಹತ್ರ ಆರು ಪಟ್ಟು, ಇದು ಕಣ್ಣಂದಾಜಲ್ಲಿ ಆಗೋ ಮಾತೇ ಅಲ್ಲ. ನಾನು ಮೇಲಿನ ಅರ್ಧ ಕತ್ತರಿಸಿ 4096ರ ಚೌಕಕ್ಕೆ ಸ್ಕೇಲ್ ಮಾಡಿ, ಗಿಂಪ್ ಅನ್ನೋ ಚಿತ್ರ ತಿದ್ದೋ ಸಾಫ್ಟ್‌ವೇರ್‌ನಲ್ಲಿ ಪಟ್ಟಿ ಚಿತ್ರವನ್ನ ವೃತ್ತವಾಗಿ ಬಗ್ಗಿಸೋ ಪೋಲಾರ್ ಕೋಆರ್ಡಿನೇಟ್ಸ್ ಫಿಲ್ಟರ್ ಹಾಕ್ತೀನಿ, ಮ್ಯಾಪ್ ಫ್ರಮ್ ಟಾಪ್ ಆನ್ ಇರ್ಲಿ, ಆಗ ನೆತ್ತಿ ವೃತ್ತದ ಮಧ್ಯಕ್ಕೆ ಬರುತ್ತೆ, ತಲೆ ಎತ್ತಿ ನೋಡಿದಂಗೇ ಮೋಡ ಬಿಡಿಸ್ಬಹುದು. ಮುಗಿದ್ಮೇಲೆ ಅದೇ ಫಿಲ್ಟರ್ ಉಲ್ಟಾ ಹಾಕಿ ಮೊದಲಿನ ಅಳತೆಗೆ ಸ್ಕೇಲ್ ಮಾಡ್ತೀನಿ. ಹೋಗಿ ಬರೋದ್ರಲ್ಲಿ ಶಾರ್ಪ್‌ನೆಸ್ ಕಮ್ಮಿ ಆಗುತ್ತೆ, ಅದಕ್ಕೆ 60 ಡಿಗ್ರಿ ಮೇಲಿನ ಪಟ್ಟಿ ಮಾತ್ರ ಮೆತ್ತನೆ ಮಾಸ್ಕ್ (ಬೇಡದ ಭಾಗ ಮರೆಮಾಡೋ ಪದರ) ಇಟ್ಟು ಮೂಲ ಚಿತ್ರಕ್ಕೆ ಅಂಟಿಸಿ.

ಮಳೆ ಆಕಾಶದಲ್ಲಿ ಬಣ್ಣ ನಿಧಾನಕ್ಕೆ ಬದಲಾಗೋದ್ರಿಂದ 8 ಬಿಟ್‌ಗೆ ಇಳಿಸಿದ ತಕ್ಷಣ ಪಟ್ಟಿ ಪಟ್ಟಿ ಕಾಣುತ್ತೆ. ಎಕ್ಸ್‌ಪೋರ್ಟ್‌ಗೆ ಮುಂಚೆ ಚೂರು ನಾಯ್ಸ್, ಅಂದ್ರೆ ಸಣ್ಣ ಕಾಳು ಕಾಳು ಚುಕ್ಕೆ ಹಾಕಿ.

ಗೋಡೋ ಅನ್ನೋ ಗೇಮ್ ಎಂಜಿನ್‌ನಲ್ಲಿ ಪನೋರಮಾ ಸ್ಕೈ ಮೆಟೀರಿಯಲ್‌ಗೆ ಹಾಕಿದ್ರೆ ಮುಗೀತು. ಬೇರೆ ಎಂಜಿನ್‌ನಲ್ಲಿ ಸ್ವಂತ ಶೇಡರ್ (ಬಣ್ಣ ಹೇಗೆ ಮೂಡ್ಬೇಕು ಅಂತ ಹೇಳೋ ಕೋಡ್) ಬರ್ದಾಗ ಬೆನ್ನ ಹಿಂದೆ ಸಣ್ಣ ಗೆರೆ ಕಂಡ್ರೆ ಚಿತ್ರ ತಿದ್ದೋಕೆ ಹೋಗ್ಬೇಡಿ, ಮೊದ್ಲು ಮಿಪ್‌ಮ್ಯಾಪ್ (ಅದೇ ಚಿತ್ರದ ಚಿಕ್ಕ ಚಿಕ್ಕ ಪ್ರತಿಗಳು) ಆಫ್ ಮಾಡಿ, ಚಿತ್ರಕ್ಕೆ ಅಡ್ಡಕ್ಕೆ ರಿಪೀಟ್ ಸೆಟ್ಟಿಂಗ್ ಇದ್ಯಾ ನೋಡಿ. ಇನ್ನು ಬೆಳಕು: ಮೋಡದಲ್ಲಿ ಎಲ್ಲಿ ಚೂರು ಬೆಳ್ಳಗಿದ್ಯೋ ಆ ದಿಕ್ಕಿಂದಲೇ ಡೈರೆಕ್ಷನಲ್ ಲೈಟ್ (ಸೂರ್ಯನ ಥರ ಒಂದೇ ದಿಕ್ಕಿನ ಬೆಳಕು) ಬರ್ಬೇಕು, ನೆರಳು ತೀರಾ ತೆಳು. ಫಾಗ್ (ಗೇಮಿನ ಮಂಜು) ಬಣ್ಣವನ್ನ ಚಿತ್ರದ ದಿಗಂತದಿಂದಲೇ ಐಡ್ರಾಪರ್‌ನಲ್ಲಿ ತಗೊಳ್ಳಿ, ಇಲ್ಲಾಂದ್ರೆ ದೂರದ ಗುಡ್ಡ ಕತ್ತರಿಸಿ ಅಂಟಿಸಿದಂಗೆ ಕಾಣುತ್ತೆ.