ನಿದ್ದೆ ಕೆಡಿಸುವ ಸುದ್ದಿಗೆ ನಾನು ಕಂಡುಕೊಂಡ ದಾರಿ

ಗೆಳೆಯರೇ, ಯುದ್ಧ, ಉದ್ಯೋಗ ಕಡಿತ, ಕೃತಕ ಬುದ್ಧಿಮತ್ತೆ ಎಂದು ಹಾಸಿಗೆಯಲ್ಲೇ ಮೊಬೈಲ್ ನೋಡುತ್ತ ಮಧ್ಯರಾತ್ರಿ ದಾಟಿಸುವವರು ನಮ್ಮ ಗುಂಪಿನಲ್ಲಿ ಹಲವರಿದ್ದೀರಿ. ನಾನೂ ಹಾಗೆಯೇ ಇದ್ದೆ. ನಮ್ಮ ತಂಡದ ಇಬ್ಬರು ಕೆಲಸ ಕಳೆದುಕೊಂಡ ಮೇಲಂತೂ ಎದೆಯೊಳಗೆ ಸದಾ ಏನೋ ಕುದಿಯುತ್ತಿತ್ತು. ವೈಟ್‌ಫೀಲ್ಡ್ ಮೆಟ್ರೊದಲ್ಲಿ ನಿಂತಿದ್ದರೂ ಕೈ ಮೊಬೈಲಿಗೇ ಹೋಗುತ್ತಿತ್ತು.

ಸುದ್ದಿಯ ಆ್ಯಪ್‌ಗಳನ್ನು ತೆಗೆದುಹಾಕಿ, ಮನೆಗೆ ಪತ್ರಿಕೆ ಹಾಕಿಸಿಕೊಳ್ಳಿ. ಪತ್ರಿಕೆಗೆ ಕೊನೆಯ ಪುಟ ಎಂಬುದೊಂದಿದೆ. ಕಾಫಿ ಮುಗಿಯುವಷ್ಟರಲ್ಲಿ ಓದಿ ಮಡಚಿ ಇಡಬಹುದು. ಮೊಬೈಲಿನಲ್ಲಿ ಆ ಕೊನೆಯೇ ಇಲ್ಲ. ರಾತ್ರಿ ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ. ಬೆಳಿಗ್ಗೆ ಎಬ್ಬಿಸಲು ಅಲಾರಂ ಗಡಿಯಾರ ಸಾಕು.

ಕೆಲಸ ಹೋದೀತೆಂಬ ಭಯ ಮಾತ್ರ ಇಷ್ಟಕ್ಕೆ ಹೋಗುವುದಿಲ್ಲ. ಅದನ್ನು ಕಾಗದಕ್ಕೆ ಇಳಿಸಿ: ಎಷ್ಟು ತಿಂಗಳ ಬಾಡಿಗೆ ಕೈಯಲ್ಲಿದೆ, ಯಾವ ಸಾಲದ ಕಂತು ಮುಂದಿದೆ, ಮೊದಲು ಯಾರಿಗೆ ಫೋನ್ ಮಾಡಬೇಕು. ಲೆಕ್ಕ ಕಣ್ಣೆದುರು ಬಂದ ದಿನ ನನಗೆ ನಿದ್ದೆ ಬಂತು, ಲೆಕ್ಕ ಚೆನ್ನಾಗಿರದಿದ್ದರೂ.

ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಮೇಲೆ ಅರ್ಧ ಗಂಟೆ ಕುಳಿತು ಬನ್ನಿ. ಸುಮಾರು 300 ಕೋಟಿ ವರ್ಷಗಳ ಕಲ್ಲು ಅದು. ಮನಸ್ಸು ಅಲ್ಲಿ ತಾನಾಗಿ ತಗ್ಗುತ್ತದೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನ್ನಿಸಿದರೆ, ದಯವಿಟ್ಟು ಒಬ್ಬರೇ ಸಹಿಸಿಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಕನ್ನಡದಲ್ಲೇ ಮಾತನಾಡಬಹುದು. ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ.